ಕುತ್ತಿಗೆಗೆ ಪೆಟ್ಟಾದರೆ ಡಾಕ್ಟರರಲ್ಲಿ ಆ ಒಂದು ಅಕ್ಷರ ಕೇಳಿ

ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ ಕೊಡುವ ಕಾಗದದಲ್ಲಿ ‘ಸಿ-5, ಏಷ್ಯಾ-ಎ’ ಎಂದೋ ‘ಸಿ-6, ಏಷ್ಯಾ-ಸಿ’ ಎಂದೋ ಒಂದು ಸಾಲು ಇರುತ್ತದೆ. ಮನೆಯವರು ಬಿಲ್ಲು ನೋಡುತ್ತಾರೆ, ಮಾತ್ರೆಯ ಹೆಸರು ನೋಡುತ್ತಾರೆ, ಮತ್ತೆ ಬರಬೇಕಾದ ತಾರೀಕು ನೋಡುತ್ತಾರೆ. ಈ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ. ದಮ್ಮಾಮಿನಿಂದ ಮಗ ಫೋನ್ ಮಾಡಿ "ಉಮ್ಮಾ, ಡಾಕ್ಟರ್ ಎಂತ ಹೇಳಿದ್ರು?" ಎಂದು ಕೇಳಿದರೆ, "ಬಾಪಾನ ಕುತ್ತಿಗೆಯ ಎಲುಬು ಮುರಿದಿದೆಯಂತೆ, ಆಪರೇಶನ್ ಆಯ್ತು, ದುವಾ ಮಾಡು" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಆದರೆ ಎಲುಬು ಎಷ್ಟು ಮುರಿದಿದೆ ಎಂಬುದರಿಂದ ಪೆಟ್ಟು ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ. ಎಲುಬು ಪುಡಿಯಾಗಿಯೂ ನಡೆದುಕೊಂಡು ಮನೆಗೆ ಹೋದವರಿದ್ದಾರೆ. ಎಕ್ಸ್‌ರೇಯಲ್ಲಿ ಒಂದು ಬಿರುಕೂ ಕಾಣದೆ ಕೈಕಾಲು ಬಿದ್ದುಹೋದವರೂ ಇದ್ದಾರೆ. ಪ್ರಶ್ನೆ ಇರುವುದು ಎಲುಬಿನ ಒಳಗೆ ಇಳಿಯುವ ನರದ ಬಳ್ಳಿಗೆ, ಅಂದರೆ ಬೆನ್ನುಹುರಿಗೆ ಏನಾಗಿದೆ ಎಂಬುದರಲ್ಲಿ. ಅದನ್ನು ಹೇಳುವುದು ಆ ಸಾಲು.

ನಮ್ಮ ಕಡೆ ಈ ಪೆಟ್ಟು ಹೇಗೆ ಆಗುತ್ತದೆಂದು ಎಲ್ಲರಿಗೂ ಗೊತ್ತು. ಅಡಿಕೆ ಮರಕ್ಕೆ ಹತ್ತಿ ಮದ್ದು ಬಿಡುವವರು ಮಳೆಗಾಲದಲ್ಲಿ ಜಾರುತ್ತಾರೆ. ಹೈವೇಯಲ್ಲಿ ಬೈಕ್ ಸ್ಕಿಡ್ ಆಗುತ್ತದೆ. ಆಳ ನೋಡದೆ ಹೊಳೆಗೆ ತಲೆಕೆಳಗಾಗಿ ಹಾರುವ ಮಕ್ಕಳು. ಬಚ್ಚಲಲ್ಲೋ ವುಝೂ ಮಾಡುವಲ್ಲೋ ಜಾರಿ ಬೀಳುವ ಹಿರಿಯರು.

ಸಾಲಿನ ಮೊದಲ ಭಾಗ, ಸಿ ಮತ್ತು ಒಂದು ಅಂಕೆ, ಪೆಟ್ಟಿನ ಜಾಗ ಹೇಳುತ್ತದೆ. ಕುತ್ತಿಗೆಯಲ್ಲಿ 7 ಎಲುಬು, 8 ಜೊತೆ ನರ. ಉಸಿರಾಟದ ವಪೆಗೆ ಹೋಗುವ ನರ ಹೊರಡುವುದು 3, 4, 5ರಿಂದ. ಆದ್ದರಿಂದ ಅದಕ್ಕಿಂತ ಮೇಲೆ ಹುರಿ ಪೂರ್ತಿ ಕೆಟ್ಟರೆ ವೆಂಟಿಲೇಟರ್ ಬೇಕಾಗುತ್ತದೆ. 5ರ ನರ ಉಳಿದರೆ ಮೊಣಕೈ ಮಡಚಬಹುದು. 6 ಉಳಿದರೆ ಮಣಿಕಟ್ಟು ಮೇಲೆತ್ತಬಹುದು. ಮಣಿಕಟ್ಟು ಎತ್ತಿದಾಗ ಬೆರಳುಗಳು ತಾವಾಗಿ ಸ್ವಲ್ಪ ಮಡಚುತ್ತವೆ, ಅದನ್ನೇ ಅಭ್ಯಾಸ ಮಾಡಿಸಿದರೆ ಚಮಚ ಹಿಡಿಯಬಹುದು. 7 ಉಳಿದರೆ ಮೊಣಕೈ ನೆಟ್ಟಗೆ ಮಾಡಿ ಕೈ ಊರಿ ಮಂಚದಿಂದ ಗಾಲಿಕುರ್ಚಿಗೆ ಜಾರಬಹುದು. ಕಾಗದದಲ್ಲಿ 6 ಮತ್ತು 7ರ ನಡುವೆ ಒಂದೇ ಅಂಕೆ. ಮನೆಯಲ್ಲಿ ಅದು, ಎತ್ತಲು ಒಬ್ಬರು ಯಾವಾಗಲೂ ಪಕ್ಕದಲ್ಲಿರಬೇಕೋ ಬೇಡವೋ ಎಂಬ ಪ್ರಶ್ನೆ.

ಎರಡನೇ ಭಾಗ ಅಕ್ಷರ. ‘ಏಷ್ಯಾ’ ಎಂದರೆ ನಮ್ಮ ಖಂಡದ ಹೆಸರಲ್ಲ, ಬೆನ್ನುಹುರಿ ಪೆಟ್ಟಿನ ಡಾಕ್ಟರರ ಅಮೆರಿಕದ ಸಂಘವೊಂದರ ಹೆಸರಿನ ಮೊದಲಕ್ಷರಗಳು. ಇದರ ಮೂಲ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ. ಅಲ್ಲಿನ ಡಾಕ್ಟರ್ ಫ್ರಾಂಕೆಲ್ ಮತ್ತು ಜೊತೆಯವರು 1969ರಲ್ಲಿ ಎ ಯಿಂದ ಇ ವರೆಗೆ ಐದು ದರ್ಜೆ ಮಾಡಿದರು. 1992ರಲ್ಲಿ ಅದನ್ನು ತಿದ್ದಿ ಈಗಿನ ರೂಪಕ್ಕೆ ತಂದರು.

ಎ ಎಂದರೆ ಸಂಪೂರ್ಣ: ಹುರಿಯ ತುತ್ತತುದಿಯ ನರಗಳವರೆಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಬಿ ಎಂದರೆ ಚಲನೆ ಇಲ್ಲ, ಆದರೆ ಆ ತುದಿಯವರೆಗೆ ಮುಟ್ಟಿದ್ದು ಗೊತ್ತಾಗುತ್ತದೆ. ಸಿ ಎಂದರೆ ಚಲನೆ ಉಳಿದಿದೆ, ಆದರೆ ಪೆಟ್ಟಿನ ಕೆಳಗಿನ ಮುಖ್ಯ ಸ್ನಾಯುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತಮ್ಮ ಭಾರವನ್ನೇ ಎತ್ತಲಾರವು. ಅರ್ಧ ಅಥವಾ ಹೆಚ್ಚು ಎತ್ತಿದರೆ ಡಿ. ಮೊದಲು ಕುಂದು ಇದ್ದು ಈಗ ಎಲ್ಲ ಸರಿಯಾದರೆ ಇ.

ಈ ಅಕ್ಷರ ಸ್ಕ್ಯಾನಿಂಗ್ ಮೆಷಿನ್‌ನಿಂದ ಬರುವುದಿಲ್ಲ. ಡಾಕ್ಟರ್ ಕೈಯಿಂದ ಮುಟ್ಟಿ ನೋಡಬೇಕು. ಕೈಕಾಲಿನ ಹತ್ತು ಸ್ನಾಯುಗಳಿಗೆ ತಲಾ 5 ಅಂಕ, ಎರಡೂ ಬದಿ ಸೇರಿ 100. ಹತ್ತಿಯಿಂದ, ಸೂಜಿಮೊನೆಯಿಂದ ಪ್ರತಿ ಬದಿಗೆ 28 ಕಡೆ ಪರೀಕ್ಷೆ. ಕೊನೆಗೆ ಗ್ಲೌಸ್ ಹಾಕಿದ ಬೆರಳಿನಿಂದ ಗುದದ್ವಾರದ ಪರೀಕ್ಷೆ. ಹುರಿಯ ತುದಿಯ ನರಗಳು ಇರುವುದು ಅಲ್ಲೇ. ಅಲ್ಲಿ ಒತ್ತಿದ್ದು ಗೊತ್ತಾದರೆ, ಬಿಗಿ ಹಿಡಿಯಲು ಆದರೆ, ಕಾಲು ಒಂದಿಷ್ಟೂ ಅಲ್ಲಾಡದಿದ್ದರೂ ಆ ಮನುಷ್ಯ ಎ ಅಲ್ಲ. ಅದೊಂದು ಪರೀಕ್ಷೆ ಬಿಟ್ಟರೆ ಎ ಮತ್ತು ಬಿ ಯನ್ನು ಬೇರೆ ಮಾಡಲಿಕ್ಕೆ ದಾರಿಯೇ ಇಲ್ಲ.

ನಮ್ಮ ಮನೆಗಳಲ್ಲಿ ಕಷ್ಟ ಬರುವುದು ಇಲ್ಲಿ. ಹೆಂಗಸರಿಗೆ ಪೆಟ್ಟಾಗಿದ್ದರೆ "ಅದೆಲ್ಲ ಬೇಡ ಡಾಕ್ಟ್ರೇ" ಎಂದು ಬಿಡುತ್ತಾರೆ. ಲೇಡಿ ಡಾಕ್ಟರ್ ಬೇಕು ಎಂದು ಕೇಳಿ, ಪರದೆ ಹಾಕಿಸಿ, ಜೊತೆಗೆ ಮನೆಯ ಹೆಂಗಸೊಬ್ಬರನ್ನು ನಿಲ್ಲಿಸಿ. ಪರೀಕ್ಷೆಯನ್ನೇ ಬೇಡ ಎನ್ನಬೇಡಿ. ಚಿಕಿತ್ಸೆಗೆ ಅನಿವಾರ್ಯವಾದಾಗ ಔರತ್ ಕಾಣುವುದಕ್ಕೆ ದೀನಿನಲ್ಲಿ ವಿನಾಯಿತಿ ಇದೆ. ಸಂಶಯ ಇದ್ದವರು ಉಸ್ತಾದರನ್ನು ಕೇಳಬಹುದು.

ಮೊದಲ ದಿನದ ಅಕ್ಷರವೇ ಕೊನೆಯದು ಎಂದೂ ತಿಳಿಯಬೇಡಿ. ಪೆಟ್ಟಿನ ಆಘಾತಕ್ಕೆ ಹುರಿ ಕೆಲವು ದಿನ ಮಂಕಾಗಿರುತ್ತದೆ. ಸುಮಾರು 72 ಗಂಟೆ ಕಳೆದು, ರೋಗಿಗೆ ಪೂರ್ತಿ ಎಚ್ಚರ ಇರುವಾಗ ಮಾಡಿದ ಪರೀಕ್ಷೆ ಹೆಚ್ಚು ನಂಬಿಕೆಯದ್ದು. ಎ ಎಂದು ನಿಂತವರಲ್ಲಿ ಹೆಚ್ಚಿನವರು ಎ ಯಲ್ಲೇ ಉಳಿಯುತ್ತಾರೆ, ಇದನ್ನು ಮುಚ್ಚಿಡಬಾರದು. ಬಿ ಯಲ್ಲಿ ಸೂಜಿಮೊನೆ ಗೊತ್ತಾಗುವವರಿಗೆ ಆಸೆ ಹೆಚ್ಚು. ಸಿ, ಡಿ ಯವರಲ್ಲಿ ಬಹಳ ಮಂದಿ ಮತ್ತೆ ನಡೆಯುತ್ತಾರೆ.

ಆಪರೇಶನ್ ಬೇಕೋ ಬೇಡವೋ ಎಂಬುದಕ್ಕೆ ಡಾಕ್ಟರರ ಬಳಿ ಬೇರೊಂದು ಲೆಕ್ಕ ಇದೆ. ಕುತ್ತಿಗೆಯ ಕೆಳಭಾಗದ ಪೆಟ್ಟಿಗೆ 2007ರಲ್ಲಿ ಬಂದ ‘ಸ್ಲಿಕ್’ ಅಂಕದಲ್ಲಿ ಎಲುಬು ಮುರಿದ ಬಗೆ, ಅದನ್ನು ಹಿಡಿದಿಡುವ ನಾರುಗಳ ಸ್ಥಿತಿ, ನರದ ಸ್ಥಿತಿ, ಈ ಮೂರನ್ನು ಕೂಡುತ್ತಾರೆ. 3ರೊಳಗೆ ಬಂದರೆ ಸಾಮಾನ್ಯವಾಗಿ ಕಾಲರ್ ಸಾಕು, 5 ಮತ್ತು ಮೇಲೆ ಆಪರೇಶನ್, 4 ಡಾಕ್ಟರರ ವಿವೇಚನೆಗೆ. ಇದರಲ್ಲೊಂದು ವಿಷಯ ಗಮನಿಸಿ. ಹುರಿ ಪೂರ್ತಿ ಕೆಟ್ಟಿದ್ದರೆ 2 ಅಂಕ, ಅರ್ಧ ಕೆಟ್ಟಿದ್ದರೆ 3. ಉಳಿಸಿಕೊಳ್ಳಲು ಇನ್ನೂ ಏನೋ ಇದೆ ಎಂಬವನಿಗೇ ಅವಸರ ಹೆಚ್ಚು. "ಕಾಲು ಸ್ವಲ್ಪ ಅಲ್ಲಾಡ್ತದಲ್ಲ, ನಾಳೆ ನೋಡುವ" ಎಂದು ಕಾಯುವುದು ಎಷ್ಟು ತಪ್ಪೆಂದು ಇದರಿಂದಲೇ ಗೊತ್ತಾಗುತ್ತದೆ. ಇನ್ನೊಂದು ಕಡೆ, ಎ ಆದವರ ಮನೆಯವರು ಹೆಂಡತಿಯ ಬಂಗಾರ ಅಡವಿಟ್ಟು ಎರಡನೇ, ಮೂರನೇ ಆಪರೇಶನಿಗೆ ಊರೂರು ಸುತ್ತುತ್ತಾರೆ. ಪ್ಲೇಟು, ಸ್ಕ್ರೂ ಎಲುಬನ್ನು ಹಿಡಿಯುತ್ತವೆ, ಹುರಿಯ ಮೇಲಿನ ಒತ್ತಡ ತೆಗೆಯಬಹುದು. ಕಡಿದ ಹುರಿಯನ್ನು ಕೂಡಿಸುವ ಆಪರೇಶನ್ ಇವತ್ತಿಗೂ ಇಲ್ಲ. ಆ ದುಡ್ಡು ಫಿಸಿಯೋಥೆರಪಿಗೆ, ಒಳ್ಳೆಯ ಗಾಲಿಕುರ್ಚಿಗೆ, ಬಚ್ಚಲ ಬಾಗಿಲು ಅಗಲ ಮಾಡಲಿಕ್ಕೆ ಬೇಕು.

ಹಿರಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ವಯಸ್ಸಿಗೆ ಕುತ್ತಿಗೆ ಸವೆದು ಹುರಿಯ ಜಾಗ ಕಿರಿದಾಗಿರುತ್ತದೆ. ಮುಖ ಅಡಿಯಾಗಿ ಬಿದ್ದು ಕುತ್ತಿಗೆ ಹಿಂದಕ್ಕೆ ಬಾಗಿದರೆ ಎಲುಬು ಮುರಿಯದೆಯೇ ಹುರಿಯ ನಡುಭಾಗ ಜಜ್ಜಿಹೋಗುತ್ತದೆ. ಕಾಲಿಗಿಂತ ಕೈ ಹೆಚ್ಚು ಸೋಲುವುದು ಇದರ ಗುರುತು. ಅಜ್ಜ ನಡೆಯುತ್ತಾರೆ, ಆದರೆ ತಟ್ಟೆಯಿಂದ ತುತ್ತು ಎತ್ತಲಾರರು. "ಬಿದ್ದ ಹೆದರಿಕೆಗೆ ಕೈ ನಡುಗ್ತದೆ" ಎಂದು ಬಿಡದೆ ಅದೇ ದಿನ ಎಂಆರ್‌ಐ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿದ್ದ ಜಾಗದಲ್ಲಿ ಇಬ್ಬರು ಹೆಗಲು, ಇಬ್ಬರು ಕಾಲು ಹಿಡಿದು ರಿಕ್ಷಾದ ಸೀಟಿನಲ್ಲಿ ಕೂರಿಸುವ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನೂ ಇದೆ. ಸಹಾಯ ಮಾಡಬೇಕೆಂಬ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಸಿ ಆಗಿದ್ದವನು ಎ ಆಗಲಿಕ್ಕೆ ಅಷ್ಟು ಸಾಕು. ಬೆಂಕಿ, ನೀರು, ವಾಹನದ ಅಪಾಯ ಇಲ್ಲದಿದ್ದರೆ ಎತ್ತಬೇಡಿ. 108ಕ್ಕೆ ಫೋನ್ ಮಾಡಿ, ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯಿರಿ. ಎತ್ತಲೇಬೇಕಾದರೆ ಹಲಗೆ ತನ್ನಿ. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ತಿರುಗಲಿ. ಬಾಯಿಗೆ ನೀರು ಬಿಡಬೇಡಿ.

ಎ ಎಂಬ ಅಕ್ಷರ ಕೇಳಿ ಎಲ್ಲ ಮುಗಿಯಿತು ಎನ್ನುವವರಿಗೆ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರ ಹೆಸರು ಹೇಳಬಹುದು. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಸರ್ಜರಿ ಮಾಡಿದರು. 1966ರಲ್ಲಿ ಅಲ್ಲಿನ ಸಿಎಂಸಿಯಲ್ಲಿ ಪುನರ್ವಸತಿ ಕೇಂದ್ರ ಶುರುವಾದದ್ದು ಅವರಿಂದಲೇ.

ಮನೆಗೆ ಬಂದ ಮೇಲೆ ಜೀವಕ್ಕೆ ಅಪಾಯ ತರುವ ಎರಡು ವಿಷಯ. ಒಂದು, ಹಾಸಿಗೆ ಹುಣ್ಣು: ರಾತ್ರಿಯೂ ಸೇರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎರಡನೆಯದು ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಕುತ್ತಿಗೆ ಪೆಟ್ಟಿನವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವಂತೆ ನೋವು, ಮುಖ ಕೆಂಪು, ಬೆವರು ಬಂದರೆ ಅದು ಬಿಪಿ ವಿಪರೀತ ಏರಿದ ಲಕ್ಷಣ. ಕೂಡಲೇ ಎಬ್ಬಿಸಿ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರದ ಟ್ಯೂಬ್ ಮಡಚಿಕೊಂಡಿದೆಯೋ ಕಟ್ಟಿದೆಯೋ ನೋಡಿ. ಹೆಚ್ಚಾಗಿ ಕಾರಣ ಅದೇ ಇರುತ್ತದೆ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ, ಮತ್ತು ಅಲ್ಲಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಆ ಡಿಸ್ಚಾರ್ಜ್ ಕಾಗದದ ಸಾಲನ್ನು ಮೊದಲು ತೋರಿಸಿ.