ಗಾಂಜಾ ಸುಂಕದ ಹಣ ಎಲ್ಲಿಗೆ ಹೋಯಿತು?

2018ರ ಏಪ್ರಿಲಿನಲ್ಲಿ ಅಮೇರಿಕದ ಕೊಲೊರಾಡೊ ಸಂಸ್ಥಾನದ ಉಪಾಧ್ಯಾಯರು ಸಾವಿರಗಟ್ಟಲೆಯಾಗಿ ರಾಜಧಾನಿ ಡೆನ್ವರಿನ ಶಾಸನಭವನದೆದುರು ನೆರೆದು, ಶಾಲೆಗಳಿಗೆ ಹಣ ಸಾಲದೆಂದು ಮೊರೆಯಿಟ್ಟರು. ಅದೇ ಊರಿನ ಅಂಗಡಿಗಳಲ್ಲಿ ಗಾಂಜಾ ಬಹಿರಂಗವಾಗಿ ಮಾರಾಟವಾಗತೊಡಗಿ ಆಗಲೇ ನಾಲ್ಕು ವರ್ಷಗಳು ಕಳೆದಿದ್ದುವು. ಅದರ ಸುಂಕ ಶಾಲೆಗಳಿಗೆ ಸಲ್ಲುವುದೆಂದು ಮತ ಕೇಳುವಾಗ ಸಾರಿದ್ದರು. ಹಾಗಾದರೆ ಹಣವೆಲ್ಲಿ? ಅಲ್ಲಿಯ ಜನ ಅಂದಿನಿಂದ ಇಂದಿನವರೆಗೂ ಕೇಳುತ್ತಿರುವ ಪ್ರಶ್ನೆಯಿದು. ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ಕಂಡದ್ದು ಕಳ್ಳತನವಲ್ಲ, ಬರಿಯ ಲೆಕ್ಕಾಚಾರ.

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಗಾಂಜಾ ಅಬಕಾರಿಯ ಒಂದು ಬಾಬಾಗಿತ್ತು. 1985ರ ಕಾನೂನು ಅದನ್ನು ಅಪರಾಧವೆಂದು ವಿಧಿಸಿದೆ. ಕೊಲೊರಾಡೊ ಇದಕ್ಕೆ ತಿರುವುಮುರುವಾಗಿ ನಡೆಯಿತು. 2012ರ ನವೆಂಬರಿನಲ್ಲಿ ಶೇಕಡಾ 55ರಷ್ಟು ಮತದಾರರು ಗಾಂಜಾ ಸೇವನೆ ನ್ಯಾಯಬದ್ಧವಾಗಲೆಂದು ಸಂಸ್ಥಾನದ ಸಂವಿಧಾನವನ್ನೇ ತಿದ್ದಿದರು. ಮರುವರ್ಷ ತೆರಿಗೆಗೂ ಸಮ್ಮತಿಯಿತ್ತರು. 2014ರ ಜನವರಿ 1ರಂದು ಅಂಗಡಿಗಳು ತೆರೆದುವು.

ತೆರಿಗೆ ಎರಡು ಬಗೆಯದು. ಬೆಳೆಗಾರನಿಂದ ಅಂಗಡಿಗೆ ಸರಕು ಹೋಗುವಾಗ ಶೇಕಡಾ 15 ಅಬಕಾರಿ ಸುಂಕ. ಗಿರಾಕಿ ಕೊಳ್ಳುವಾಗ ವಿಶೇಷ ಮಾರಾಟ ತೆರಿಗೆ. ಈ ಎರಡನೆಯದು ಮೊದಲು ಶೇಕಡಾ 10 ಇದ್ದು, 2017ರಲ್ಲಿ 15ಕ್ಕೆ ಏರಿತು. ಊರೂರಿನ ತೆರಿಗೆ ಬೇರೆ.

ಅಬಕಾರಿ ಸುಂಕದಲ್ಲಿ ವರ್ಷಕ್ಕೆ ಮೊದಲ 4 ಕೋಟಿ ಡಾಲರು ಶಾಲೆಗಳಿಗೆಂದು ಸಂವಿಧಾನದಲ್ಲಿಯೇ ಬರೆದಿಟ್ಟರು. ಆದರೆ ಯಾತಕ್ಕಾಗಿ? ಕಟ್ಟಡಗಳಿಗೆ. ಸೋರುವ ಮಾಡು, ಕೆಟ್ಟ ಬೆಂಕಿಗೂಡು, ಹಳೆಯ ಗೋಡೆ ಇವುಗಳ ದುರಸ್ತಿಗೆ, ಹೊಸ ಶಾಲೆ ಕಟ್ಟುವುದಕ್ಕೆ ಆ ನಿಧಿಯಿಂದ ಸಹಾಯಧನ ದೊರೆಯುತ್ತದೆ. ಅದಕ್ಕಾಗಿ ಶಾಲಾಮಂಡಲಿಗಳು ಪೈಪೋಟಿಯಿಂದ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ತಮ್ಮ ಪಾಲಿನ ಹಣವನ್ನೂ ಹೊಂದಿಸಬೇಕು. ಉಪಾಧ್ಯಾಯರ ಸಂಬಳಕ್ಕೆ ಅದರಿಂದ ಬಿಡಿಗಾಸೂ ಇಲ್ಲ. ಆ 4 ಕೋಟಿಯಾದರೂ ಮೊದಲ ವರ್ಷಗಳಲ್ಲಿ ಹುಟ್ಟಲಿಲ್ಲ. ಹುಟ್ಟಿದಾಗಲೂ, ಸಂಸ್ಥಾನದ ಶಾಲೆಗಳ ನಿತ್ಯದ ವೆಚ್ಚ 2018ರ ಹೊತ್ತಿಗೆ ವರ್ಷಕ್ಕೆ 700 ಕೋಟಿ ಡಾಲರುಗಳ ಸುಮಾರು ಇತ್ತೆಂಬುದನ್ನು ವಾಚಕರು ಗಮನಿಸಬೇಕು. ಅರೆಹೊಟ್ಟೆಯ ಆನೆಯ ಮುಂದೆ ಒಂದು ಬಾಳೆಹಣ್ಣು!

ಇನ್ನು ಮಾರಾಟ ತೆರಿಗೆಯ ಸಂಗತಿ. 2018ರಲ್ಲಿ ನೆಲೆಗೊಂಡ ಕ್ರಮವನ್ನೇ ನೋಡಿರಿ. ಗಿರಾಕಿಯೊಬ್ಬ 100 ಡಾಲರಿನ ಸರಕು ಕೊಂಡರೆ 15 ಡಾಲರು ತೆರಿಗೆ. ಅದರಲ್ಲಿ ಒಂದೂವರೆ ಡಾಲರು ಆಯಾ ಊರಾಡಳಿತಕ್ಕೆ. ಉಳಿದುದರಲ್ಲಿ ಎರಡು ಡಾಲರಿನಷ್ಟು ಸಾಮಾನ್ಯ ಬೊಕ್ಕಸಕ್ಕೆ, 1 ಡಾಲರು 70 ಸೆಂಟುಗಳಷ್ಟು ಶಾಲಾನಿಧಿಗೆ, 9 ಡಾಲರು 70 ಸೆಂಟುಗಳಷ್ಟು ಗಾಂಜಾ ತೆರಿಗೆಯ ಪ್ರತ್ಯೇಕ ನಿಧಿಗೆ. ಈ ಪ್ರತ್ಯೇಕ ನಿಧಿಯಿಂದಲೇ ಮಾದಕ ವ್ಯಸನಿಗಳ ಚಿಕಿತ್ಸೆ, ಎಳೆಯರಲ್ಲಿ ತಿಳುವಳಿಕೆಯ ಪ್ರಚಾರ, ಶಾಲೆಗಳಲ್ಲಿ ದಾದಿಯರು ಹಾಗೂ ಮನೋವೈದ್ಯ ಸಲಹೆಗಾರರು, ಕಳ್ಳಬೆಳೆಯ ಮೇಲಣ ಪೋಲೀಸು ಕಾರ್ಯಾಚರಣೆ ಇವೆಲ್ಲ ನಡೆಯಬೇಕು. ಆಯವ್ಯಯದ ಒತ್ತಡಕ್ಕೆ ತಕ್ಕಂತೆ ಶಾಸನಸಭೆಯು ಅನಂತರ ಈ ಪಾಲುಗಳನ್ನು ತಿದ್ದುತ್ತ ಬಂದಿದೆ.

ಊರುಗಳು ತಮ್ಮ ಪಾಲಿನ ಹಣವನ್ನು ಹೆಚ್ಚು ಕಣ್ಣಿಗೆ ಬೀಳುವಂತೆ ಖರ್ಚು ಮಾಡಿವೆ. ಪ್ಯೂಬ್ಲೊ ಜಿಲ್ಲೆಯವರು ಬೆಳೆಗಾರರ ಮೇಲೆ ತಮ್ಮದೇ ಸುಂಕ ಹೂಡಿ, ಅಲ್ಲಿಯ ಕಾಲೇಜು ಸೇರುವ ಸ್ಥಳೀಯ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡತೊಡಗಿದರು. ಉಕ್ಕಿನ ಕಾರ್ಖಾನೆಯ ವೈಭವ ಕುಂದಿದ ಆ ಊರಿನ ಬಡಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ.

ಒಂದು ವಿನೋದವನ್ನೂ ಹೇಳಬೇಕು. ಕೊಲೊರಾಡೊದಲ್ಲಿ 1992ರಿಂದ ಒಂದು ಕಟ್ಟಳೆಯಿದೆ: ಹೊಸ ತೆರಿಗೆ ಕೇಳುವಾಗ ಜನರ ಮುಂದಿಟ್ಟ ಅಂದಾಜು ತಪ್ಪಿದರೆ ಹಣವನ್ನು ಹಿಂದಿರುಗಿಸಬೇಕು. ಗಾಂಜಾದ ವಿಷಯದಲ್ಲಿ ಸರಕಾರದ ಅಂದಾಜು ತಪ್ಪಿತು. ಆದುದರಿಂದ 2015ರ ಸೆಪ್ಟೆಂಬರ್ 16ರಂದು ಒಂದೇ ಒಂದು ದಿನದ ಮಟ್ಟಿಗೆ ಈ ವಿಶೇಷ ತೆರಿಗೆಗಳನ್ನು ಸೊನ್ನೆಗಿಳಿಸಿದರು! ಅಂಗಡಿಗಳಿಗೆ ಅಂದು ಜಾತ್ರೆಯೇ ಆಗಿರಬೇಕು. ಆ ನವೆಂಬರಿನಲ್ಲಿ ಮತ್ತೆ ಜನಮತ ಕೇಳಿ, ಸುಮಾರು 6.6 ಕೋಟಿ ಡಾಲರುಗಳನ್ನು ಸರಕಾರವೇ ಇಟ್ಟುಕೊಳ್ಳಲು ಅಪ್ಪಣೆ ಪಡೆದರು.

ಆದರೆ ನಮ್ಮ ಚಿಂತೆ ಬೇರೊಂದೆಡೆಗಿದೆ. 2014ರಲ್ಲಿ ತೆರಿಗೆ ಮತ್ತು ಪರವಾನಗಿ ಸೇರಿ 6.7 ಕೋಟಿ ಡಾಲರಿನಷ್ಟಿದ್ದ ಉತ್ಪತ್ತಿ 2021ರಲ್ಲಿ 42 ಕೋಟಿಗೆ ಮುಟ್ಟಿತು. 2024ರಲ್ಲಿ 26 ಕೋಟಿಗಿಂತ ಕೆಳಗಿಳಿಯಿತು. ಸಾಂಕ್ರಾಮಿಕದ ದಿನಗಳಲ್ಲಿ ಮನೆಯಲ್ಲಿ ಕುಳಿತವರು ಹೆಚ್ಚು ಕೊಂಡಿದ್ದರು. ಆ ಹುರುಪು ಇಳಿಯಿತು. 2022ರ ಏಪ್ರಿಲಿನಲ್ಲಿ ನೆರೆಯ ನ್ಯೂ ಮೆಕ್ಸಿಕೊ ಸಂಸ್ಥಾನವೂ ಅಂಗಡಿ ತೆರೆಯಲಾಗಿ, ಟೆಕ್ಸಾಸಿನಿಂದ ಗಡಿಯೂರು ಟ್ರಿನಿಡಾಡಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಅನೇಕರು ಆ ಕಡೆ ತಿರುಗಿದರು. ಬೆಳೆ ಮಿತಿಮೀರಿ ಸಗಟು ಧಾರಣೆ ಕುಸಿಯಿತು. ಅಬಕಾರಿ ಸುಂಕ ಬಹುಮಟ್ಟಿಗೆ ಸರಾಸರಿ ಧಾರಣೆಯನ್ನು ಅವಲಂಬಿಸಿದ್ದರಿಂದ, ಜನ ಸೇದುವುದು ಕಡಿಮೆಯಾಗದಿದ್ದರೂ ಸುಂಕ ಕಡಿಮೆಯಾಗುತ್ತದೆ. ಹೀಗೆ ಚಟ ಉಳಿದು ಹಣ ಕರಗುವುದು ಎರಡು ಬಗೆಯ ನಷ್ಟ.

ದಕ್ಷಿಣ ಕನ್ನಡದ ಹಿರಿಯರಿಗೆ ಇದಕ್ಕೆ ವಿರುದ್ಧವಾದ ಕಥೆ ತಿಳಿದಿದೆ. 1937ರಲ್ಲಿ ರಾಜಾಜಿಯವರು ಮದರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಆರಂಭಿಸಿದಾಗ ಅಬಕಾರಿಯ ಆದಾಯಕ್ಕೆ ತೂತು ಬಿತ್ತು. ಅದನ್ನು ತುಂಬಲೆಂದು 1939ರಲ್ಲಿ ಮಾರಾಟ ತೆರಿಗೆ ತಂದರು. ವರ್ತಕರು ಬಹಳ ಗೊಣಗಿದರು. ಆದರೆ ಅಕ್ಕಿ ಬಟ್ಟೆ ಕೊಳ್ಳುವ ಸಕಲರೂ ಹೊರುವ ಆ ಹೊರೆ, ಒಂದು ಚಟದ ಏರಿಳಿತಕ್ಕೆ ಕಟ್ಟಿಹಾಕಿದ್ದಾಗಿರಲಿಲ್ಲ.

ಕೊಲೊರಾಡೊದಲ್ಲಿ 2021ರ ನವೆಂಬರಿನಲ್ಲಿ, ಮಕ್ಕಳಿಗೆ ಶಾಲೆಯ ಹೊರಗಿನ ಪಾಠಕ್ಕೆಂದು ಗಾಂಜಾ ಮಾರಾಟ ತೆರಿಗೆಯನ್ನು ಇನ್ನೂ ಶೇಕಡಾ 5ರಷ್ಟು ಏರಿಸುವ ಸೂಚನೆ ಜನರ ಮುಂದೆ ಬಂತು. ಅವರು ತಳ್ಳಿಹಾಕಿದರು. ಈಗ ಶಾಸನಸಭೆ ಪ್ರತಿ ವರ್ಷ ಆಯವ್ಯಯಕ್ಕೆ ಕುಳಿತಾಗ, ಕುಗ್ಗುತ್ತಿರುವ ಆ ನಿಧಿಯಿಂದ ಶಾಲೆಯ ದಾದಿಗೆ ಎಷ್ಟು, ವ್ಯಸನಿಯ ಚಿಕಿತ್ಸೆಗೆ ಎಷ್ಟು, ಪೋಲೀಸರಿಗೆ ಎಷ್ಟು ಎಂದು ಹಂಚುವ ಕೆಲಸ ಮೊದಲಿನಷ್ಟು ಸುಲಭವಾಗಿಲ್ಲ.