ಕಾಂಡ್ಲಾ ಬೇರಿನ ಶಿಲೀಂಧ್ರ: ನಂಬಿಕೆ ಒಂದು, ನಿಜ ಇನ್ನೊಂದು

ನಂಬಿಕೆ: ಉಪ್ಪುನೀರಿನಲ್ಲಿ ಬೂಷ್ಟು ಬೆಳೆಯದು.

ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ ಕೆಡದಿರುವುದನ್ನು ಕಂಡವರಿಗೆ ಹೀಗನ್ನಿಸುವುದು ಸಹಜ. ಆದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಇರುವ ಉಪ್ಪು ಸುಮಾರು 35 ಗ್ರಾಂ ಮಾತ್ರ. ಮಿಡಿ ಮುಳುಗಿರುವ ನೀರಿನಲ್ಲಿ ಅದರ ಹಲವು ಪಟ್ಟು. ಕಡಲಿನ ಶಿಲೀಂಧ್ರಗಳು ಕೋಶದೊಳಗೆ ಗ್ಲಿಸರಾಲ್‌ನಂಥ ವಸ್ತು ತುಂಬಿಕೊಂಡು ಈ ಉಪ್ಪನ್ನು ತಾಳಿಕೊಳ್ಳುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಮರದ ಸತ್ತ ಬಿಳಲುಬೇರಿನ ತುಂಡನ್ನು ಭೂತಗನ್ನಡಿಯಡಿ ನೋಡಿ: ಮಿಲಿಮೀಟರಿಗಿಂತ ಚಿಕ್ಕ ಕಪ್ಪು ಚುಕ್ಕೆಗಳು, ಅರ್ಧ ಮರದೊಳಗೇ ಹುದುಗಿದವು. ಬೀಜಕಣ ಹೊರಬರುವುದು ಅಲ್ಲಿಂದಲೇ.

ನಂಬಿಕೆ: ಒಂದೇ ಮರವಾದರೆ ಬುಡದಿಂದ ತುದಿಯವರೆಗೂ ಅವೇ ಶಿಲೀಂಧ್ರ.

ಇದೇ ದೊಡ್ಡ ತಪ್ಪು. ಉಬ್ಬರದ ನೀರು ಮುಟ್ಟದ ಕೊಂಬೆಗಳಲ್ಲಿ ನೆಲದ ಶಿಲೀಂಧ್ರಗಳೂ ಕಲ್ಲುಹೂಗಳೂ ಇರುತ್ತವೆ, ನೀರು ಮುಳುಗಿಸುವ ಭಾಗದಲ್ಲಿ ಕಡಲಿನವು. ಗಡಿಯಲ್ಲಿ ಎರಡೂ ಬೆರೆಯುತ್ತವೆ. ಅಷ್ಟೇ ಅಲ್ಲ, ಮುಳುಗುವ ಭಾಗದೊಳಗೂ ಎತ್ತರ ಬದಲಾದಂತೆ ಜಾತಿ ಬದಲಾಗುತ್ತದೆ. 1990ರ ಆಸುಪಾಸಿನಲ್ಲಿ ಶಿಲೀಂಧ್ರ ತಜ್ಞ ಕೆವಿನ್ ಹೈಡ್ ಬ್ರೂನೈನ ರೈಜೋಫೋರಾ ಎಂಬ ಕಾಂಡ್ಲಾ ಮರಗಳಲ್ಲಿ ಇದನ್ನು ಮಟ್ಟಮಟ್ಟವಾಗಿ ದಾಖಲಿಸಿದರು.

ಕಾರಣ ಬದುಕುವ ರೀತಿಯಲ್ಲಿದೆ. ಕೆಲವು ಜಾತಿಗಳು ಬೀಜಕಣಗಳನ್ನು ಸಿಡಿಸುತ್ತವೆ. ಅದಕ್ಕೆ ಇಳಿತದ ಹೊತ್ತಿನ ಗಾಳಿ ಬೇಕು, ಹಾಗಾಗಿ ಮೇಲ್ಮಟ್ಟ ಅವಕ್ಕೆ ಒಗ್ಗುತ್ತದೆ. ಇನ್ನು ಕೆಲವುಗಳ ಬೀಜಕಣದ ಚೀಲ ನೀರಿನಲ್ಲೇ ಕರಗಿಹೋಗುತ್ತದೆ. ಹೊರಬಿದ್ದ ಬೀಜಕಣಗಳು ಅಂಟು ಎಳೆಗಳಿಂದ ಮರಕ್ಕೆ ಕಚ್ಚಿಕೊಳ್ಳುತ್ತವೆ. ಇವು ಹೆಚ್ಚು ಹೊತ್ತು ಮುಳುಗಿದ್ದರೂ ನಡೆಯುತ್ತದೆ.

ನಂಬಿಕೆ: ಹೆಚ್ಚು ಹೊತ್ತು ಮುಳುಗಿದಷ್ಟೂ ಹೆಚ್ಚು ಶಿಲೀಂಧ್ರ.

ಹಾಗಿಲ್ಲ. ತೀರಾ ಕೆಳಗೆ ಕೆಸರು ಮೆತ್ತಿಕೊಳ್ಳುತ್ತದೆ, ಆಮ್ಲಜನಕ ಸಾಲದು, ಹಡಗುಹುಳು ಮರವನ್ನೇ ಕೊರೆದು ಮುಗಿಸುತ್ತದೆ. ತೀರಾ ಮೇಲೆ ಬಿಸಿಲು ಒಣಗಿಸುತ್ತದೆ, ಮಳೆ ಉಪ್ಪು ತೊಳೆಯುತ್ತದೆ. ಹಲವು ಅಧ್ಯಯನಗಳಲ್ಲಿ ಹೆಚ್ಚು ಜಾತಿಗಳು ಸಿಕ್ಕಿರುವುದು ನಡುವಿನ ಮಟ್ಟದಲ್ಲಿ. ಹಾಗೆಂದು ಎಲ್ಲ ಅಳಿವೆಗೂ ಒಂದೇ ಲೆಕ್ಕ ಹಾಕಬಾರದು: ಮರದ ಜಾತಿ, ನೀರಿನ ಉಪ್ಪು ಎರಡೂ ಫಲಿತಾಂಶ ಬದಲಿಸುತ್ತವೆ. ನಮ್ಮ ಅಘನಾಶಿನಿ, ಶರಾವತಿ ಅಳಿವೆಗಳ ನೀರು ಮಳೆಗಾಲದಲ್ಲಿ ಬಹುಪಾಲು ಸಿಹಿಯಾಗಿಬಿಡುತ್ತದೆ.

ನಂಬಿಕೆ: ಒಣಗಿದ ಕಾಂಡ್ಲಾ ಕಸ, ಕಡಿದು ಸ್ವಚ್ಛ ಮಾಡಬೇಕು.

ಈ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಗಟ್ಟಿ ಮರದ ಸೆಲ್ಯುಲೋಸ್, ಲಿಗ್ನಿನ್‌ಗಳನ್ನು ಒಡೆದು ಮೆತ್ತಗಾಗಿಸುವವು ಈ ಶಿಲೀಂಧ್ರಗಳೇ. ಆಮೇಲೆ ಅದು ಏಡಿ, ಸಿಗಡಿ ಮತ್ತಿತರ ಸಣ್ಣ ಜೀವಿಗಳ ಆಹಾರ ಸರಪಳಿ ಸೇರುತ್ತದೆ. ಕೆಸರಿನಲ್ಲಿ ಬಿದ್ದ ಕೊಂಬೆಗಳನ್ನಷ್ಟೇ ಉಳಿಸಿದರೂ ಸಾಲದು. ಅಲ್ಲಿರುವುದು ಕೆಳಮಟ್ಟದ ಜಾತಿಗಳು. ಮೇಲಿನ, ನಡುವಿನ ಮಟ್ಟದವಕ್ಕೆ ನಿಂತಲ್ಲೇ ಸತ್ತ ಬೇರು, ಕಾಂಡಗಳು ಬೇಕು.