ಬಯ್ಯದೆ ಕೇಳುವ ವಿದ್ಯೆ

ರಬಕವಿ-ಬನಹಟ್ಟಿಯಲ್ಲಿ ಮಗ್ಗ, ಮುಧೋಳ-ಜಮಖಂಡಿಯಲ್ಲಿ ಕಬ್ಬು, ಬೀಳಗಿಯಲ್ಲಿ ಹೊಲದ ಕೆಲಸ. ಕೃಷ್ಣಾ-ಘಟಪ್ರಭಾ ಸೀಮೆಯಲ್ಲಿ ಮೈಮುರಿಯುವ ದುಡಿಮೆಯೇ ಬದುಕು. ದಣಿವು ಕಳೆಯಲೆಂದು ಬಾಯಿಗೆ ಬೀಳುವ ತಂಬಾಕು, ಸಂಜೆ ಹೊಟ್ಟೆಗಿಳಿಯುವ ಸೆರೆ ಯಾವಾಗ ಅಪಾಯದ ಗೆರೆ ದಾಟಿತೆಂಬುದು ಎಷ್ಟೋ ಸಲ ಸೇವಿಸುವವರಿಗೇ ತಿಳಿಯುವುದಿಲ್ಲ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಕಾಯಿದೆ ಅಂಗಡಿಯನ್ನು ಮುಚ್ಚಿಸಬಲ್ಲದು, ಚಟ ಬಿಡಿಸಲಾರದು. ಅದಕ್ಕೆ ಮನೆಬಾಗಿಲಿಗೆ ಹೋಗುವವರು ಬೇಕು. ಮಗುವಿನ ಲಸಿಕೆ, ಬಾಣಂತಿಯ ಆರೋಗ್ಯ ವಿಚಾರಿಸಲು ಬರುವ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಕಾರ್ಯಕರ್ತೆಗೆ ಮನೆಯ ಕಷ್ಟ ಗೊತ್ತಿರುತ್ತದೆ. ಆದರೆ ಕುಡಿತದ ಮಾತು ಎತ್ತುವುದು ಹೇಗೆ? ಬುದ್ಧಿ ಹೇಳಿದರೆ ಯಜಮಾನ ಎದ್ದು ಹೋಗುತ್ತಾನೆ. ಸುಮ್ಮನಿದ್ದರೆ ರೋಗ ಬೆಳೆಯುತ್ತದೆ.

ಇಂಥ ಕಾರ್ಯಕರ್ತರನ್ನೂ ಮಾನಸಿಕ ಆರೋಗ್ಯದ ಕೆಲಸಕ್ಕೆ ಸಜ್ಜುಗೊಳಿಸಬಹುದೆಂದು ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. 1970ರ ದಶಕದಲ್ಲಿ ಅದು ಸಕಲವಾರದಲ್ಲಿ ಗ್ರಾಮೀಣ ಘಟಕ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡತೊಡಗಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ವ್ಯಸನದ ತರಬೇತಿಯಲ್ಲಿ ಮೊದಲು ಕಲಿಯುವುದು ಅಳತೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಎಂಬ ಪಟ್ಟಿಯಲ್ಲಿ ಕುಡಿತದ ಬಗ್ಗೆ 10 ಪ್ರಶ್ನೆಗಳಿವೆ, ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಎಚ್ಚರಿಕೆಯ ಗಂಟೆ. 'ಅಸಿಸ್ಟ್' ಎಂಬ ಇನ್ನೊಂದು ಪಟ್ಟಿ ತಂಬಾಕು, ಗಾಂಜಾ, ನಿದ್ರೆ ಮಾತ್ರೆಗಳನ್ನೂ ವಿಚಾರಿಸುತ್ತದೆ. ಹೀಗೆ ಅಳೆದಾಗ ಕಣ್ಣಿಗೆ ಬೀಳುವವರು ನಡುವಿನ ಗುಂಪಿನವರು. ಅವರಿನ್ನೂ ಚಟಕ್ಕೆ ಪೂರ್ತಿ ಸಿಕ್ಕಿಲ್ಲ. ದುಡಿಯುತ್ತಾರೆ, ಆದ್ದರಿಂದ ಚಿಕಿತ್ಸೆ ಕೇಳಿ ಬರುವುದಿಲ್ಲ. ಇಂಥವರಲ್ಲಿ ಅನೇಕರಿಗೆ ಐದು-ಹತ್ತು ನಿಮಿಷದ ಸರಿಯಾದ ಮಾತೇ ನೆರವಾಗುತ್ತದೆ.

ಎರಡನೆಯದು ಆ ಮಾತಿನ ರೀತಿ. "ಕುಡದು ಮನಿ ಹಾಳ ಮಾಡಾಕತ್ತೀರಿ" ಎಂದರೆ ಜಗಳ. "ಕಾಕಾ, ವಾರದಾಗ ಎಷ್ಟ ದಿನಾ ತಗೋತೀರಿ?" ಎಂದರೆ ಉತ್ತರ. ಬಂದ ಅಂಕವನ್ನು ತಿಳಿಸಿ, ದೇಹಕ್ಕೂ ಮನೆಖರ್ಚಿಗೂ ಅದರ ನಂಟು ಬಿಡಿಸಿ ಹೇಳಿ, ಕಡಿಮೆ ಮಾಡುವ ದಾರಿಗಳನ್ನು ಮುಂದಿಟ್ಟು, ಆಯ್ಕೆಯನ್ನು ಅವರಿಗೇ ಬಿಡಬೇಕು.

ಮೂರನೆಯದು, ತನ್ನ ಕೆಲಸ ಎಲ್ಲಿಗೆ ಮುಗಿಯುತ್ತದೆಂಬ ಅರಿವು. ದಿನವೂ ವಿಪರೀತ ಕುಡಿಯುವವರು "ಇವತ್ತಿಗೇ ಬಿಟ್ಟೆ" ಎಂದು ಆಣೆ ಮಾಡಿದರೆ ಮನೆಯವರಿಗೆ ಸಂತೋಷ. ಆದರೆ ಒಮ್ಮೆಲೇ ಬಿಟ್ಟಾಗ ಎರಡು-ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಕುತ್ತು ಬರಬಹುದು. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ಇದನ್ನರಿಯದ ಕಾರ್ಯಕರ್ತೆಯ ಒಳ್ಳೆಯ ಸಲಹೆಯೂ ಕೆಡುಕಾದೀತು.

2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯವರೂ ಕರೆ ಮಾಡಿ ಸಲಹೆ ಪಡೆಯಬಹುದು. ಆದರೆ ಫೋನಿನವರೆಗೆ ಕೈ ಹೋಗಬೇಕಾದರೆ, ಅದಕ್ಕೂ ಮುಂಚೆ ಯಾರಾದರೂ ಬಯ್ಯದೆ ಒಂದು ಮಾತು ಕೇಳಿರಬೇಕು.